ಸಿಂಪರಣೆಯ ಮೂತಿಯೂ ಹನಿಯ ಗಾತ್ರವೂ

ಸಸ್ಯ ಸಂರಕ್ಷಣೆಯ ಮಾತು ಬಂದಾಗ ರೈತರು ಮೊದಲು ಕೇಳುವ ಪ್ರಶ್ನೆ ‘ಯಾವ ಔಷಧಿ ಹೊಡೆಯಬೇಕು?’ ಎಂಬುದು. ಕೆಲವರು ‘ಯಾವಾಗ?’ ಎಂದೂ ಕೇಳುತ್ತಾರೆ. ‘ಯಾವ ಮೂತಿಯಿಂದ?’ ಎಂದು ಕೇಳಿದವರನ್ನು ನನ್ನ ಇಷ್ಟು ವರ್ಷಗಳ ಸೇವೆಯಲ್ಲಿ ಬೆರಳಲ್ಲಿ ಎಣಿಸಬಹುದು. ಪಂಪನ್ನು ಕೊಳ್ಳುವಾಗ ಅದರ ತುದಿಯಲ್ಲಿ ಯಾವ ನಾಜಲ್ ಇತ್ತೋ ಅದೇ ನಾಜಲ್ ಆ ಪಂಪು ಹಾಳಾಗುವವರೆಗೂ ಇರುತ್ತದೆ. ಕೀಟಕ್ಕೂ ಅದೇ, ರೋಗಕ್ಕೂ ಅದೇ, ಕಳೆಗೂ ಅದೇ. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಔಷಧಿ ಕೊನೆಗೆ ಹೊರಬರುವುದು ಒಂದು ಮಿಲಿಮೀಟರಿನ ಆಸುಪಾಸಿನ ಆ ಒಂದು ರಂಧ್ರದಿಂದ ಎಂಬುದನ್ನು ಮರೆಯಬಾರದು. ಅದು ಎಲೆಯ ಮೇಲೆ ಬೀಳುತ್ತದೆಯೋ, ನೆಲಕ್ಕೆ ಸುರಿಯುತ್ತದೆಯೋ, ಪಕ್ಕದವರ ಹೊಲಕ್ಕೆ ಹೋಗುತ್ತದೆಯೋ, ಸಿಂಪಡಿಸುವವನ ಮೂಗಿಗೇ ಸೇರುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ರಂಧ್ರವೇ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿತಿದ್ದೆನಾದರೂ ಮನಸ್ಸಿಗೆ ಹತ್ತಿದ್ದು ನನ್ನದೇ ಒಂದು ತಪ್ಪಿನಿಂದ. ಹಲವು ವರ್ಷಗಳ ಹಿಂದೆ ಒಬ್ಬ ರೈತರ ಜಮೀನಿನಲ್ಲಿ ರಾಗಿಯ ಕಳೆ ನಿಯಂತ್ರಣದ ಪ್ರಾತ್ಯಕ್ಷಿಕೆ ಇಟ್ಟಿದ್ದೆ. ಬಿತ್ತಿದ ಇಪ್ಪತ್ತನೆಯ ದಿನ 2,4-ಡಿ ಸೋಡಿಯಂ ಲವಣವನ್ನು ಸಿಂಪಡಿಸಬೇಕಿತ್ತು. ಹೊಲಕ್ಕೆ ಹೋಗುವುದು ತಡವಾಗಿ ಬೆಳಿಗ್ಗೆ ಹತ್ತು ಗಂಟೆ ಮೀರಿತ್ತು, ಗಾಳಿ ಎದ್ದಿತ್ತು. ಪಂಪಿಗೆ ಹಿಂದಿನ ವಾರ ಕೀಟನಾಶಕಕ್ಕೆಂದು ಹಾಕಿದ್ದ ಟೊಳ್ಳು ಶಂಕುವಿನ ಮೂತಿಯೇ ಇತ್ತು. ಕಳೆನಾಶಕದ ಮೂತಿ ಚೀಲದಲ್ಲಿದೆ ಎಂದುಕೊಂಡಿದ್ದೆ, ಇರಲಿಲ್ಲ. ಬಂದದ್ದು ಬಂದೆವು ಎಂದು ಅದರಿಂದಲೇ ಹೊಡೆಸಿದೆ. ಆಳು ಹುರುಪಿನಿಂದ ಪಂಪು ಒತ್ತಿದ; ಮಂಜಿನಂತಹ ತುಂತುರು ಬಂತು; ಎಷ್ಟು ಚೆನ್ನಾಗಿ ಹರಡುತ್ತಿದೆ ಎಂದು ನೋಡಿ ಸಂತೋಷಪಟ್ಟೆವು. ರಾಗಿಯಲ್ಲಿದ್ದ ಅಗಲ ಎಲೆಯ ಕಳೆಗಳು ಸತ್ತವು ನಿಜ. ಆದರೆ ಬದುವಿನಾಚೆ ಪಕ್ಕದವರ ಆರು ಗುಂಟೆ ಟೊಮೇಟೊ ಒಂದು ವಾರದಲ್ಲಿ ಸುರುಟಿಕೊಂಡಿತು. ಎಲೆಗಳು ದಾರದಂತೆ ಕಿರಿದಾದವು, ಕಾಂಡಗಳು ಕೊಕ್ಕೆಯಂತೆ ಬಾಗಿದವು. ಬದುವಿನಿಂದ ಹದಿನೈದು ಮೀಟರಿನವರೆಗೂ ಈ ಲಕ್ಷಣ ಸ್ಪಷ್ಟವಾಗಿತ್ತು. ಸೋಡಿಯಂ ಲವಣ ಆವಿಯಾಗಿ ಹಾರುವಂಥದಲ್ಲ, ಹೋದದ್ದು ಹನಿಯಾಗಿಯೇ. ಅವರಿಗೆ ನನ್ನ ಜೇಬಿನಿಂದ ಅಷ್ಟಿಷ್ಟು ಪರಿಹಾರ ಕೊಟ್ಟೆ. ಆ ವರ್ಷ ಟೊಮೇಟೊ ಬೆಲೆ ಏರಿದ್ದರಿಂದ ಅದು ಯಾವ ಮೂಲೆಗೂ ಸಾಲದಾಯಿತು. ಆ ಮನುಷ್ಯ ಜಗಳವಾಡಲಿಲ್ಲ. ‘ಸ್ವಾಮಿ, ನೀವು ಹೊಡೆದದ್ದು ನಿಮ್ಮ ಕಣ್ಣಿಗೆ ಕಾಣಲಿಲ್ಲವೇ?’ ಎಂದು ಮಾತ್ರ ಕೇಳಿದರು.

ಕಾಣುವುದಿಲ್ಲ ಎಂಬುದೇ ಇಲ್ಲಿರುವ ಸಮಸ್ಯೆ. ಆದ್ದರಿಂದ ಹನಿ ಹುಟ್ಟುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಧಾರೆಯು ಹನಿಯಾಗುವ ಬಗೆ

ಮನೆಯ ನಲ್ಲಿಯನ್ನು ಸಣ್ಣಗೆ ತಿರುಗಿಸಿ ನೋಡಿ. ಮೇಲ್ಭಾಗದಲ್ಲಿ ನೀರು ಗಾಜಿನ ಕಡ್ಡಿಯಂತೆ ನುಣುಪಾಗಿ ಇಳಿಯುತ್ತದೆ. ಕೆಳಗೆ ಬಂದಂತೆ ಅದು ತೆಳುವಾಗಿ, ಗಂಟುಗಂಟಾಗಿ, ಕೊನೆಗೆ ಬಿಡಿ ಹನಿಗಳಾಗಿ ಬೀಳುತ್ತದೆ. ಕಣ್ಣಿಗೆ ಒಂದೇ ಧಾರೆಯಂತೆ ಕಂಡರೂ ಕೈಯನ್ನು ಕೆಳಗೆ ಹಿಡಿದರೆ ಪಟಪಟ ಬಡಿಯುವುದು ಗೊತ್ತಾಗುತ್ತದೆ. ಇದನ್ನು ಮೊದಲಿಗೆ ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರಲ್ಲಿ ಫ್ರಾನ್ಸಿನ ಫೆಲಿಕ್ಸ್ ಸವಾರ್ ಒಬ್ಬರು. ಅವರ ಬರಹ ಪ್ರಕಟವಾದದ್ದು 1833ರಲ್ಲಿ. ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೊ 1873ರಲ್ಲಿ ಇದರ ಕಾರಣವನ್ನು ತಿಳಿಸಿದರು. ನೀರಿನ ಮೇಲ್ಮೈ ಎಳೆದುಕಟ್ಟಿದ ತೆಳು ರಬ್ಬರಿನಂತೆ ವರ್ತಿಸುತ್ತದೆ. ಆದಷ್ಟು ಕಡಿಮೆ ಹರವಿಗೆ ಕುಗ್ಗಲು ಸದಾ ಯತ್ನಿಸುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎಂದು ಹೆಸರು. ಉದ್ದನೆಯ ಕಡ್ಡಿಗಿಂತ ಗುಂಡಾದ ಹನಿಗೆ ಅಷ್ಟೇ ನೀರಿಗೆ ಕಡಿಮೆ ಹರವು ಸಾಕು. ಆದುದರಿಂದ ಧಾರೆಯ ಉದ್ದ ಅದರ ಸುತ್ತಳತೆಗಿಂತ ಹೆಚ್ಚಾದೊಡನೆ ಅದು ನಿಲ್ಲಲಾರದೆ ತುಂಡಾಗತೊಡಗುತ್ತದೆ.

ಇಂಗ್ಲೆಂಡಿನ ರ್‍ಯಾಲೆ ಪ್ರಭುವು 1878ರಲ್ಲಿ ಇದಕ್ಕೆ ಗಣಿತದ ಲೆಕ್ಕ ಕೊಟ್ಟರು. ಧಾರೆಯ ಮೇಲೆ ಏಳುವ ಸಣ್ಣ ಅಲೆಗಳಲ್ಲಿ ವ್ಯಾಸದ ಸುಮಾರು ನಾಲ್ಕೂವರೆಯಷ್ಟು ಉದ್ದದ ಅಲೆಯೇ ಎಲ್ಲಕ್ಕಿಂತ ಬೇಗ ಬೆಳೆದು ಧಾರೆಯನ್ನು ಕತ್ತರಿಸುತ್ತದೆ. ಹುಟ್ಟುವ ಹನಿಯ ವ್ಯಾಸ ಧಾರೆಯ ವ್ಯಾಸದ ಸುಮಾರು 1.9ರಷ್ಟಿರುತ್ತದೆ. ಅಂದರೆ ಒಂದು ಮಿಲಿಮೀಟರು ದಪ್ಪದ ಧಾರೆಯಿಂದ ಎರಡು ಮಿಲಿಮೀಟರಿಗೆ ಸಮೀಪದ ಹನಿ. ಮಳೆಯ ದಪ್ಪ ಹನಿಗೆ ಇದು ಸರಿ. ನಮಗೆ ಬೇಕಾದದ್ದು ಅದರ ಹತ್ತನೆಯ ಒಂದು ಭಾಗ. ಇಲ್ಲಿಂದ ಮುಂದೆ ಅಳತೆಯನ್ನು ಮೈಕ್ರಾನಿನಲ್ಲಿ ಹೇಳುತ್ತೇನೆ. ಒಂದು ಮಿಲಿಮೀಟರಿಗೆ 1,000 ಮೈಕ್ರಾನು. ನೇರ ಧಾರೆಯಿಂದ 200 ಮೈಕ್ರಾನಿನ ಹನಿ ಬೇಕೆಂದರೆ ರಂಧ್ರ 100 ಮೈಕ್ರಾನಿನ ಸುಮಾರಿಗೆ ಇರಬೇಕಾಗುತ್ತದೆ. ಬಾವಿಯ ನೀರು, ನೀರಿನಲ್ಲಿ ಕರಗದ ಪುಡಿ ಔಷಧಿ, ತೊಟ್ಟಿಯ ತಳದ ಮಣ್ಣು - ಇಷ್ಟಿರುವಾಗ ಅಂತಹ ರಂಧ್ರ ಒಂದು ಗಳಿಗೆಯಲ್ಲಿ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಒಂದು ಮಿಲಿಮೀಟರಿನ ರಂಧ್ರದಿಂದಲೇ ಸಣ್ಣ ಹನಿ ಬರುವಂತೆ ಮಾಡುವುದು ಹೇಗೆ? ಧಾರೆಯನ್ನು ಮೊದಲು ತೆಳ್ಳಗಿನ ಹಾಳೆಯನ್ನಾಗಿ ಮಾಡಬೇಕು. ಸಿಂಪರಣಾ ಮೂತಿಯ ಗುಟ್ಟೆಲ್ಲ ಇಷ್ಟೇ. ಬೀಸಣಿಗೆ ಆಕಾರದ ಚಪ್ಪಟೆ ಮೂತಿಯಲ್ಲಿ ಸೀಳಿನಂತಹ ಬಾಯಿಯಿಂದ ನೀರು ಹಾಳೆಯಾಗಿ ಹೊರಡುತ್ತದೆ. ಮುಂದೆ ಹೋದಂತೆ ಹಾಳೆ ತೆಳುವಾಗಿ, ಅಲುಗಾಡಿ, ತೂತುಬಿದ್ದು ಎಳೆಎಳೆಯಾಗುತ್ತದೆ. ಆ ಎಳೆಗಳು ಪ್ಲಾಟೊ ಮತ್ತು ರ್‍ಯಾಲೆ ಹೇಳಿದ ರೀತಿಯಲ್ಲೇ ಹನಿಗಳಾಗುತ್ತವೆ. ಟೊಳ್ಳು ಶಂಕುವಿನ ಮೂತಿಯಲ್ಲಿ ನೀರು ಓರೆ ಕಾಲುವೆಗಳ ಬಿಲ್ಲೆಯ ಮೂಲಕ ಹಾದು ಸುಳಿಯಂತೆ ತಿರುಗಿ, ಛತ್ರಿಯ ಆಕಾರದ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಹಾಳೆ ಬೇಗ ಹರಿಯುತ್ತದೆ, ಹನಿ ಸಣ್ಣದಾಗುತ್ತದೆ. ಎಳೆಗಳು ಒಂದೇ ದಪ್ಪವಿರುವುದಿಲ್ಲವಾದ್ದರಿಂದ ಹನಿಗಳೂ ಒಂದೇ ಗಾತ್ರವಿರುವುದಿಲ್ಲ. ಒಂದೇ ಮೂತಿಯಿಂದ 10 ಮೈಕ್ರಾನಿನ ಹನಿಯೂ 500 ಮೈಕ್ರಾನಿನ ಹನಿಯೂ ಒಟ್ಟಿಗೇ ಹೊರಡುತ್ತವೆ. ಎಲ್ಲ ತೊಂದರೆಗಳ ಮೂಲ ಇಲ್ಲಿದೆ.

ಈ ಸುಳಿ ಮೂತಿ ಹಳೆಯದು. ಅಮೆರಿಕದ ಕೃಷಿ ಇಲಾಖೆಯಲ್ಲಿ ಕೀಟತಜ್ಞ ಚಾರ್ಲ್ಸ್ ರೈಲಿಯವರ ನೇತೃತ್ವದಲ್ಲಿ ಹತ್ತಿಯ ಹುಳುವಿಗಾಗಿ 1880ರ ದಶಕದ ಆರಂಭದಲ್ಲಿ ರೂಪುಗೊಂಡಿತು. ಅದೇ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳ ಬೂಜು ರೋಗಕ್ಕೆ ಮಿಲಾರ್ಡೆಯವರು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಔಷಧಿ ಸಿಕ್ಕಿತು, ಹೊಡೆಯುವ ಸಾಧನ ಬೇಕಲ್ಲ? ವಿಕ್ಟರ್ ವೆರ್ಮೊರೆಲ್ ಎಂಬ ಫ್ರೆಂಚ್ ತಯಾರಕರು ಬೆನ್ನಿಗೆ ಕಟ್ಟುವ ಪಂಪು ಮಾಡಿ ಅದಕ್ಕೆ ಸುಳಿ ಮೂತಿಯನ್ನು ಜೋಡಿಸಿದರು. ಇಂದು ನಮ್ಮ ಬೆನ್ನ ಮೇಲಿರುವ ಪಂಪು ಅದರ ಮೊಮ್ಮಗನೇ. ನಮ್ಮ ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಇದೇ ದ್ರಾವಣವನ್ನು ಹೊಂದಿಸಿಕೊಟ್ಟವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್‌ಮನ್. ಆ ರೋಗವನ್ನು ಕುರಿತ ಅವರ ಪ್ರಕಟಣೆ 1910ರದು. ಅದಕ್ಕೂ ಹಿಂದೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿತ್ತು.

ಹನಿಯ ಲೆಕ್ಕ

ಈಗ ಸ್ವಲ್ಪ ಲೆಕ್ಕ. 400 ಮೈಕ್ರಾನಿನ ಒಂದು ಹನಿಯಲ್ಲಿರುವ ನೀರಿನಿಂದ 200 ಮೈಕ್ರಾನಿನ 8 ಹನಿಗಳನ್ನೂ, 100 ಮೈಕ್ರಾನಿನ 64 ಹನಿಗಳನ್ನೂ ಮಾಡಬಹುದು. ಎಕರೆಗೆ 10 ಲೀಟರು ದ್ರಾವಣವನ್ನು 400 ಮೈಕ್ರಾನಿನ ಹನಿಗಳಾಗಿ ಚೆಲ್ಲಿದರೆ ನೆಲದ ಒಂದು ಚದರ ಸೆಂಟಿಮೀಟರಿಗೆ ಸುಮಾರು 7 ಹನಿ ಬೀಳುತ್ತವೆ. 200 ಮೈಕ್ರಾನಾದರೆ ಸುಮಾರು 59. ಬೆಳೆ ಎತ್ತರವಾಗಿ ಎಲೆಗಳ ಒಟ್ಟು ಹರವು ನೆಲದ ಮೂರರಷ್ಟಾಗಿದ್ದರೆ ಇವನ್ನು ಮೂರರಿಂದ ಭಾಗಿಸಿಕೊಳ್ಳಬೇಕು. ಕೀಟನಾಶಕಕ್ಕೆ ಎಲೆಯ ಮೇಲೆ ಚದರ ಸೆಂಟಿಮೀಟರಿಗೆ 20ರಿಂದ 30 ಹನಿ, ತಾಗಿದಲ್ಲಿ ಮಾತ್ರ ಕೆಲಸ ಮಾಡುವ ಶಿಲೀಂಧ್ರನಾಶಕಕ್ಕೆ 50ರಿಂದ 70 ಹನಿ ಬೇಕೆಂಬುದು ಸಾಮಾನ್ಯ ಅಳತೆ. ಆದುದರಿಂದ ಸಣ್ಣ ಹನಿ ಒಳ್ಳೆಯದು ಎಂದು ತೋರುವುದು ಸಹಜ.

ಆದರೆ ಹನಿ ಸಣ್ಣದಾದಂತೆ ಬೀಳುವ ವೇಗವೂ ಕುಗ್ಗುತ್ತದೆ. ನಿಶ್ಚಲ ಗಾಳಿಯಲ್ಲಿ 400 ಮೈಕ್ರಾನಿನ ಹನಿ ಸೆಕೆಂಡಿಗೆ ಒಂದೂವರೆ ಮೀಟರಿಗೂ ಮಿಕ್ಕಿ ಇಳಿಯುತ್ತದೆ. 100 ಮೈಕ್ರಾನಿನದು ಸುಮಾರು 27 ಸೆಂಟಿಮೀಟರು ಮಾತ್ರ. 20 ಮೈಕ್ರಾನಿನದು ಒಂದು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಗಂಟೆಗೆ 5 ಕಿಲೋಮೀಟರು ಗಾಳಿ, ಅಂದರೆ ಮುಖಕ್ಕೆ ತಾಗಿದ್ದು ಗೊತ್ತಾಗುವಷ್ಟು ಗಾಳಿ, ಇದ್ದರೆ ಒಂದು ಮೀಟರು ಎತ್ತರದಿಂದ ಹೊರಟ 100 ಮೈಕ್ರಾನಿನ ಹನಿ ನೆಲ ಸೇರುವಷ್ಟರಲ್ಲಿ ಐದು ಮೀಟರು ಸರಿದಿರುತ್ತದೆ. ಗಾಳಿ ಇದಕ್ಕೆ ಎರಡು ಮೂರರಷ್ಟಾದರೆ ದೂರವೂ ಅಷ್ಟೇ ಪಾಲು ಹೆಚ್ಚುತ್ತದೆ. ನನ್ನ ಹದಿನೈದು ಮೀಟರಿನ ಲೆಕ್ಕ ಇದರಲ್ಲೇ ಸಿಗುತ್ತದೆ.

ಇನ್ನು ಆವಿಯಾಗುವ ಮಾತು. 30 ಡಿಗ್ರಿ ಉಷ್ಣತೆ, ಗಾಳಿಯ ತೇವಾಂಶ ಶೇಕಡ 50 ಇರುವಾಗ 100 ಮೈಕ್ರಾನಿನ ನೀರ ಹನಿ ಸುಮಾರು 16 ಸೆಕೆಂಡಿನಲ್ಲಿ ಆರಿಹೋಗುತ್ತದೆ, 50 ಮೈಕ್ರಾನಿನದು 4 ಸೆಕೆಂಡಿನಲ್ಲಿ. 20 ಮೈಕ್ರಾನಿನದಕ್ಕೆ ಒಂದು ಸೆಕೆಂಡೂ ಬೇಡ. ಆರಿದ್ದು ನೀರು ಮಾತ್ರ. ಉಳಿದ ಔಷಧಿಯ ಕಣ ಇನ್ನಷ್ಟು ಗಟ್ಟಿಯಾಗಿ ಗಾಳಿಯಲ್ಲೇ ತೇಲುತ್ತಿರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸಿಂಪಡಿಸಬಾರದೆಂದು ನಾವು ಹೇಳುವುದು ಇದಕ್ಕಾಗಿ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಎತ್ತರ ಬೆಳೆದ ಹತ್ತಿಗೆ ಔಷಧಿ ಹೊಡೆಯುತ್ತಿದ್ದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು. ಅದಕ್ಕೆ ಕಾರಣಗಳು ಹಲವು: ಔಷಧಿಗಳ ಬೆರಕೆ, ಮುಖವಸ್ತ್ರ ಕೈಗವಸುಗಳಿಲ್ಲದಿರುವುದು, ದಿನವಿಡೀ ಬಿಡುವಿಲ್ಲದೆ ಹೊಡೆದದ್ದು. ಆದರೆ ತಲೆಗಿಂತ ಎತ್ತರದ ಗಿಡಕ್ಕೆ ಮೇಲ್ಮುಖವಾಗಿ ಮಂಜಿನಂತೆ ಹೊಡೆದಾಗ ಅದರ ಒಂದು ಪಾಲು ಹೊಡೆಯುವವನ ಮೈಮೇಲೆ, ಶ್ವಾಸದೊಳಗೆ ಬಂದೇ ಬರುತ್ತದೆ ಎಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ.

ನೀರಿನ ಪರದೆ

ಹನಿಯ ಈ ಸ್ವಭಾವವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ದೊಡ್ಡ ಉದ್ಯಾನಗಳ ಕಾರಂಜಿಯಲ್ಲಿ ರಾತ್ರಿ ಹೊತ್ತು ನೀರಿನ ತೆರೆಯ ಮೇಲೆ ಚಲಿಸುವ ಚಿತ್ರ ತೋರಿಸುವುದನ್ನು ಕೆಲವರು ನೋಡಿರಬಹುದು. ಅಲ್ಲಿ ನೀರನ್ನು ಬೀಸಣಿಗೆಯಂತೆ ಮೇಲಕ್ಕೆ ಚಿಮ್ಮಿಸುವುದು ನಮ್ಮ ಚಪ್ಪಟೆ ಮೂತಿಯ ದೊಡ್ಡಣ್ಣನೇ. ಹಾಳೆ ಒಡೆದು ಹನಿಗಳಾದ ಮೇಲೆ ಆ ಹನಿಗಳು ಬೆಳಕನ್ನು ಚದುರಿಸಿ ಬಿಳಿಯ ಬಟ್ಟೆಯ ಕೆಲಸ ಮಾಡುತ್ತವೆ. ಒಡೆಯದ ಶುದ್ಧ ನೀರಿನ ಹಾಳೆಯಲ್ಲಿ ಬೆಳಕು ಕಿಟಕಿ ಗಾಜಿನಲ್ಲಿ ಹಾಯ್ದಂತೆ ಹಾಯ್ದುಹೋಗುತ್ತದೆ, ಚಿತ್ರ ಮೂಡುವುದಿಲ್ಲ.

ಫಿನ್ಲೆಂಡ್ ದೇಶದ ತಾಂಪೆರೆ ನಗರದಲ್ಲಿ ಇಸ್ಮೋ ರಾಕ್ಕೊಲಾಯ್ನೆನ್ ಮತ್ತು ಕಾರಿ ಪಾಲೊವೂರಿ ಎಂಬ ಸಂಶೋಧಕರು 2000ದ ಆಸುಪಾಸಿನಲ್ಲಿ ಇನ್ನೂ ಮುಂದೆ ಹೋಗಿ ಮಂಜಿನ ಪರದೆಯನ್ನೇ ಮಾಡಿದರು. ಕಿವಿಗೆ ಕೇಳದ ಅತಿ ವೇಗದ ಕಂಪನದಿಂದ ನೀರನ್ನು ಕೆಲವೇ ಮೈಕ್ರಾನಿನ ಹನಿಗಳಾಗಿ ಒಡೆದು, ಆ ಮಂಜನ್ನು ಎರಡು ಕಡೆಗಳಿಂದಲೂ ಸದ್ದಿಲ್ಲದೆ ಸುಳಿಯಿಲ್ಲದೆ ಇಳಿಯುವ ಗಾಳಿಯ ನಡುವೆ ತೆಳ್ಳಗೆ ಹಿಡಿದಿಟ್ಟರು. ಅದರ ಮೇಲೆ ಚಿತ್ರ ಬಿಡಬಹುದು. ಅದರೊಳಗೆ ನಡೆದುಹೋದರೂ ಬಟ್ಟೆ ಒದ್ದೆಯಾದಂತೆ ಅನಿಸುವುದಿಲ್ಲ. ನಮಗೆ ಇದರಿಂದ ತಿಳಿಯಬೇಕಾದದ್ದೇನೆಂದರೆ, ಅಷ್ಟು ಸಣ್ಣ ಹನಿ ತನ್ನಿಚ್ಛೆಯಿಂದ ಬೀಳುವುದಿಲ್ಲ. ಗಾಳಿ ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತದೆ, ಎದುರಿಗೆ ಬಂದ ವಸ್ತುವನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಚಿತ್ರ ತೋರಿಸುವವರಿಗೆ ಇದು ಗುಣ. ಎಲೆಯ ಮೇಲೆ ಕೂರಬೇಕಾದ ಔಷಧಿಗೆ ಇದೇ ದೋಷ.

ಮಸಿಯ ಹನಿಯಿಂದ ಕಲಿತದ್ದು

ಹನಿಯನ್ನು ಹೇಳಿದ ಗಾತ್ರದಲ್ಲಿ, ಹೇಳಿದ ಕ್ಷಣದಲ್ಲಿ, ಹೇಳಿದ ಜಾಗಕ್ಕೆ ಕಳಿಸುವ ವಿದ್ಯೆಯನ್ನು ಪೂರ್ಣಗೊಳಿಸಿದವರು ಕೃಷಿಯವರಲ್ಲ, ಮುದ್ರಣದವರು. ನಿಮ್ಮ ಮನೆಯಲ್ಲಿರುವ ಔಷಧಿ ಬಾಟಲಿಯನ್ನು ತಿರುಗಿಸಿ ನೋಡಿ. ತಯಾರಾದ ದಿನಾಂಕ, ಬ್ಯಾಚ್ ಸಂಖ್ಯೆ ಅನೇಕ ಬಾಟಲಿಗಳಲ್ಲಿ ಸಣ್ಣ ಸಣ್ಣ ಚುಕ್ಕಿಗಳಿಂದ ಕೂಡಿರುತ್ತದೆ. ಒಂದೊಂದು ಚುಕ್ಕಿಯೂ ಹಾರಿಬಂದ ಒಂದೊಂದು ಮಸಿಯ ಹನಿ. ಬಾಟಲಿ ಓಡುತ್ತಿರುವಾಗಲೇ, ಮೂತಿ ಅದನ್ನು ಮುಟ್ಟದೆಯೇ, ಬರೆದದ್ದು.

ಇದರ ಮೂಲ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ರಿಚರ್ಡ್ ಸ್ವೀಟ್ ಅವರು 1960ರ ದಶಕದ ಮೊದಲ ಭಾಗದಲ್ಲಿ ಮಾಡಿ 1965ರಲ್ಲಿ ಪ್ರಕಟಿಸಿದ ಕೆಲಸ. ಧಾರೆ ತಾನಾಗಿ ಒಡೆದರೆ ಹನಿಗಳು ಹೆಚ್ಚುಕಡಿಮೆಯಾಗುತ್ತವೆ. ಅದೇ ಧಾರೆಯನ್ನು ರ್‍ಯಾಲೆಯವರ ಲೆಕ್ಕಕ್ಕೆ ಹೊಂದುವ ಒಂದೇ ತಾಳದಲ್ಲಿ ಕಂಪಿಸುವಂತೆ ಮಾಡಿದರೆ ತಾಳಕ್ಕೊಂದು ಹನಿ, ಎಲ್ಲವೂ ಒಂದೇ ಅಳತೆ. ಕಡಿದುಕೊಳ್ಳುವ ಕ್ಷಣದಲ್ಲಿ ಬೇಕಾದ ಹನಿಗೆ ವಿದ್ಯುತ್ತಿನ ಅಂಶ ಕೊಟ್ಟು, ಎರಡು ಲೋಹದ ಫಲಕಗಳ ನಡುವೆ ಹಾಯಿಸಿದರೆ ಅದು ಬಾಗಿ ತನ್ನ ಜಾಗಕ್ಕೆ ಹೋಗುತ್ತದೆ. ಬೇಡದ ಹನಿ ಮರಳಿ ತೊಟ್ಟಿಗೆ. ಇನ್ನೊಂದು ವಿಧಾನ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಜಪಾನಿನ ಕ್ಯಾನನ್ ಸಂಸ್ಥೆಯ ಇಚಿರೋ ಎಂಡೋ ಅವರ ಪ್ರಯೋಗಶಾಲೆಯಲ್ಲಿ 1977ರಲ್ಲಿ ಬೆಸುಗೆಯ ಬಿಸಿ ಕಡ್ಡಿ ಮಸಿ ತುಂಬಿದ ಸಿರಿಂಜಿನ ಸೂಜಿಗೆ ಆಕಸ್ಮಿಕವಾಗಿ ತಾಗಿತು; ಸೂಜಿಯ ತುದಿಯಿಂದ ಮಸಿ ಚಿಮ್ಮಿತು. ಬಿಸಿಗೆ ಹುಟ್ಟಿದ ಆವಿಯ ಗುಳ್ಳೆ ಮಸಿಯನ್ನು ನೂಕಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಜಾನ್ ವಾಟ್ ಕೂಡ ಸ್ವತಂತ್ರವಾಗಿ ಇದೇ ದಾರಿ ಹಿಡಿದರು. ಅವರ ಯಂತ್ರ 1984ರಲ್ಲಿ ಮಾರುಕಟ್ಟೆಗೆ ಬಂತು.

ಇಷ್ಟು ನಿಖರವಾದ ಹನಿಯನ್ನು ಹೊಲಕ್ಕೇಕೆ ತರಲಿಲ್ಲ ಎಂದು ಕೇಳಬಹುದು. ಮಸಿಯ ಹನಿ 20-30 ಮೈಕ್ರಾನು. ಹಾರಬೇಕಾದದ್ದು ಕೆಲವೇ ಮಿಲಿಮೀಟರು. ಎಕರೆಗೆ ಹತ್ತಾರು ಲೀಟರನ್ನು ಧೂಳು ಗಾಳಿಗಳ ನಡುವೆ ಒಬ್ಬ ಆಳು ಒಂದು ಹೊತ್ತಿನಲ್ಲಿ ಮುಗಿಸುವ ಕೆಲಸಕ್ಕೆ ಆ ಮೂತಿ ಆಗದು. ಆದರೆ ಅದರ ತತ್ವಗಳು ಒಂದೊಂದಾಗಿ ಬಂದಿವೆ. ಇಂಗ್ಲೆಂಡಿನ ಎಡ್ವರ್ಡ್ ಬಾಲ್ಸ್ ಅವರು ಒತ್ತಡವನ್ನೇ ಬಿಟ್ಟು, ಅಂಚಿಗೆ ಸಣ್ಣ ಹಲ್ಲುಗಳುಳ್ಳ ತಿರುಗುವ ಬಿಲ್ಲೆಯ ಮೇಲೆ ದ್ರಾವಣ ಹನಿಸಿದರು. ಹಲ್ಲಿನಿಂದ ಹಲ್ಲಿಗೆ ಒಂದೇ ದಪ್ಪದ ಎಳೆ ಹೊರಟು ಸರಿಸುಮಾರು ಒಂದೇ ಗಾತ್ರದ ಹನಿಯಾಗುತ್ತದೆ. ಬಿಲ್ಲೆಯ ವೇಗ ಹೆಚ್ಚಿಸಿದರೆ ಹನಿ ಸಣ್ಣದು. 1970ರ ದಶಕದಿಂದ ಪಶ್ಚಿಮ ಆಫ್ರಿಕದ ಹತ್ತಿ ಬೆಳೆಗಾರರು, ನೀರು ಹೊರುವ ಕಷ್ಟವಿರುವಲ್ಲಿ, ಟಾರ್ಚಿನ ಬ್ಯಾಟರಿಯಿಂದ ನಡೆಯುವ ಇಂತಹ ಸಾಧನವನ್ನು ಬಳಸಿದರು. ವಿದ್ಯುತ್ ಅಂಶ ಕೊಟ್ಟ ಹನಿ ಎಲೆಯ ತಳಭಾಗಕ್ಕೂ ಸುತ್ತಿಕೊಂಡು ಅಂಟುತ್ತದೆ ಎಂಬುದನ್ನು ಜಾರ್ಜಿಯಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಲಾ ಅವರು ಬೆಳೆಗಳ ಮೇಲೆ ತೋರಿಸಿಕೊಟ್ಟರು. ಬ್ರಿಟನ್ನಿನ ರೊನಾಲ್ಡ್ ಕಾಫಿಯವರು 1970ರ ದಶಕದ ಕೊನೆಗೆ ಇದೇ ತತ್ವದ ಕೈ ಪಂಪು ಮಾಡಿದ್ದರು. ಅದಕ್ಕೆ ಎಣ್ಣೆಯಲ್ಲಿ ಮಾಡಿದ ಔಷಧಿಯೇ, ಅದರದೇ ಬಾಟಲಿಯಲ್ಲಿ ಬೇಕಾಗಿತ್ತು. ಅಂಗಡಿಯಲ್ಲಿ ಸಿಕ್ಕಿದ ಔಷಧಿಯನ್ನು ಹಾಕಲಾಗದ ಪಂಪನ್ನು ರೈತ ಎಷ್ಟು ದಿನ ಇಟ್ಟುಕೊಂಡಾನು? ಸಾಧನ ಚೆನ್ನಾಗಿತ್ತು, ಉಳಿಯಲಿಲ್ಲ.

ಟ್ರ್ಯಾಕ್ಟರು ಪಂಪುಗಳಲ್ಲಿ ವೇಗ ಬದಲಾದಾಗ ಒತ್ತಡವನ್ನು ಬದಲಿಸಿದರೆ ಹನಿಯ ಗಾತ್ರವೂ ಕೆಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದಲ್ಲಿ ಕೆನ್ ಗೈಲ್ಸ್ ಮತ್ತು ಸಂಗಡಿಗರು ಪ್ರತಿ ಮೂತಿಗೂ ವಿದ್ಯುತ್ ಕವಾಟ ಇಟ್ಟು, ಸೆಕೆಂಡಿಗೆ ಹತ್ತು ಸಲ ತೆರೆದು ಮುಚ್ಚಿ, ಒತ್ತಡವನ್ನು ಮುಟ್ಟದೆ ಪ್ರಮಾಣವನ್ನು ಮಾತ್ರ ಹೊಂದಿಸುವ ವಿಧಾನವನ್ನು ರೂಪಿಸಿದರು. ಇದಕ್ಕೆ ಕಣ್ಣು ಕೊಟ್ಟದ್ದು ಇತ್ತೀಚಿನದು. 2011ರಲ್ಲಿ ಆರಂಭವಾದ ಬ್ಲೂ ರಿವರ್ ಎಂಬ ಅಮೆರಿಕದ ಸಂಸ್ಥೆ ಕ್ಯಾಮೆರಾದಿಂದ ಬೆಳೆ ಯಾವುದು ಕಳೆ ಯಾವುದು ಎಂದು ಗುರುತಿಸಿ ಕಳೆಯ ಮೇಲೆ ಮಾತ್ರ ಮೂತಿ ತೆರೆಯುವ ಯಂತ್ರ ಮಾಡಿತು. 2017ರಲ್ಲಿ ಜಾನ್ ಡೀರ್ ಸಂಸ್ಥೆ ಅದನ್ನು ಕೊಂಡಿತು. ಅದರ ಒಂದು ಮಾದರಿಯಲ್ಲಿ 120 ಅಡಿ ಉದ್ದದ ಬೂಮಿನ ಮೇಲೆ 36 ಕ್ಯಾಮೆರಾಗಳಿವೆ. ನಮ್ಮ ಎರಡು ಎಕರೆಯ ಹಿಡುವಳಿಯಲ್ಲಿ ಅಂತಹ ಯಂತ್ರ ತಿರುಗಲೂ ಜಾಗವಿಲ್ಲ. ಕಳೆಯನ್ನು ಕಂಡು ಅದರ ಮೇಲಷ್ಟೇ ಹೊಡೆಯುವ ಕೆಲಸವನ್ನು ನಮ್ಮ ಹೆಣ್ಣಾಳುಗಳು ಕುಡುಗೋಲಿನಿಂದ ಬಹುಕಾಲದಿಂದ ಮಾಡುತ್ತಲೂ ಇದ್ದಾರೆ.

ನಮ್ಮಲ್ಲಿಗೆ ಬಂದಿರುವುದು ಡ್ರೋನ್. ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪರಣೆಯ ಕಾರ್ಯವಿಧಾನವನ್ನು 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಡ್ರೋನ್ ಸಾಮಾನ್ಯವಾಗಿ ಎಕರೆಗೆ ಹತ್ತು ಲೀಟರಿನ ಸುಮಾರು ಮಾತ್ರ ಚೆಲ್ಲುತ್ತದೆ. ಹಿಂದೆ ಹೇಳಿದ ಹನಿಯ ಲೆಕ್ಕವನ್ನು ನೆನೆದರೆ, ಅಷ್ಟರಲ್ಲಿ ಎಲೆ ಮುಚ್ಚಬೇಕಾದರೆ ಹನಿ ಸಣ್ಣದಾಗಲೇಬೇಕು, ದ್ರಾವಣ ಗಾಢವಾಗಿರಲೇಬೇಕು, ಹೊರಡುವುದೂ ಬೆಳೆಗಿಂತ ಒಂದೆರಡು ಮೀಟರು ಮೇಲಿನಿಂದ. ಸಿಂಪಡಿಸುವವನು ದೂರ ನಿಲ್ಲುತ್ತಾನೆ ಎಂಬುದು ದೊಡ್ಡ ಲಾಭ. ಯವತಮಾಳದಂತಹ ಸಂದರ್ಭದಲ್ಲಿ ಇದರ ಬೆಲೆ ಕಟ್ಟಲಾಗದು. ಆದರೆ ಗಾಳಿಯಿದ್ದಾಗ ಪಕ್ಕದ ಹೊಲಕ್ಕೆ, ರೇಷ್ಮೆಯವರ ಹಿಪ್ಪುನೇರಳೆಗೆ, ಜೇನು ಪೆಟ್ಟಿಗೆಗೆ ಆಗುವ ಅಪಾಯ ಬೆನ್ನ ಪಂಪಿಗಿಂತ ಹೆಚ್ಚು. ಬಾಡಿಗೆ ಡ್ರೋನಿನವರು ಬಂದ ದಿನ ಗಾಳಿಯಿದ್ದರೆ ಹಿಂದಕ್ಕೆ ಕಳಿಸುವ ಧೈರ್ಯ ರೈತರಿಗಿರಬೇಕು. ಡ್ರೋನಿನಲ್ಲಿ 2,4-ಡಿ ಹೊಡೆಸಬೇಡಿ ಎಂದು ನಾನು ಸ್ವಂತ ಅನುಭವದ ಮೇಲೆ ಹೇಳುತ್ತೇನೆ.

ನಿಮ್ಮ ಪಂಪಿನ ಮೂತಿ

ಕೀಟನಾಶಕ ಮತ್ತು ಶಿಲೀಂಧ್ರನಾಶಕಗಳಿಗೆ ಟೊಳ್ಳು ಶಂಕುವಿನ ಮೂತಿ, ಕಳೆನಾಶಕಕ್ಕೆ ಚಪ್ಪಟೆ ಬೀಸಣಿಗೆ ಇಲ್ಲವೆ ಫ್ಲಡ್‌ಜೆಟ್ ಮೂತಿ ಎಂಬುದನ್ನು ಮೊದಲು ನೆನಪಿಡಬೇಕು. ಕಳೆನಾಶಕಕ್ಕೆ ಒತ್ತಡ ಕಡಿಮೆಯಿರಬೇಕು. ಮಂಜು ಕಾಣಿಸಿದರೆ ಒತ್ತಡ ಹೆಚ್ಚಾಗಿದೆ ಎಂದೇ ಅರ್ಥ. ಮೂತಿಯ ಬದಿಯಿಂದ ಗಾಳಿಯನ್ನು ಎಳೆದುಕೊಂಡು ದಪ್ಪ ಹನಿ ಮಾಡುವ ನಾಜಲ್‌ಗಳೂ ಈಗ ಸಿಗುತ್ತವೆ. ಕಳೆನಾಶಕಕ್ಕೆ ಅವು ಉತ್ತಮ. ಅಂತರರಾಷ್ಟ್ರೀಯ ಮಾನಕದ ಮೂತಿಗಳಿಗೆ ಬಣ್ಣದ ಗುರುತಿರುತ್ತದೆ. 3 ಬಾರ್ ಒತ್ತಡದಲ್ಲಿ ಕಿತ್ತಳೆ ಬಣ್ಣದ್ದು ನಿಮಿಷಕ್ಕೆ 0.4 ಲೀಟರು, ಹಸಿರು 0.6, ಹಳದಿ 0.8, ನೀಲಿ 1.2, ಕೆಂಪು 1.6 ಲೀಟರು ಬಿಡುತ್ತವೆ. ಒತ್ತಡ ಹೆಚ್ಚಿಸಿ ಹೆಚ್ಚು ನೀರು ಹೊರಡಿಸೋಣವೆಂದರೆ ಅದು ದುಬಾರಿ ದಾರಿ: ಎರಡರಷ್ಟು ನೀರು ಬರಲು ಒತ್ತಡ ನಾಲ್ಕರಷ್ಟಾಗಬೇಕು. ಅಷ್ಟರಲ್ಲಿ ಎಲ್ಲವೂ ಮಂಜಾಗಿರುತ್ತದೆ.

ರಂಧ್ರ ಸವೆಯುವುದನ್ನು ಯಾರೂ ಗಮನಿಸುವುದಿಲ್ಲ. ಒಂದು ಮಿಲಿಮೀಟರು ಇದ್ದದ್ದು 1.1 ಆದರೆ ಕಣ್ಣಿಗೆ ಏನೂ ತಿಳಿಯದು, ನೀರು ಮಾತ್ರ ಶೇಕಡ 21 ಹೆಚ್ಚು ಹೋಗುತ್ತದೆ. ಪುಡಿ ಔಷಧಿಗಳು, ಬೋರ್ಡೋ ದ್ರಾವಣದ ಸುಣ್ಣ ಇವು ಮರಳು ಕಾಗದದಂತೆ ಉಜ್ಜುತ್ತವೆ. ಹಿತ್ತಾಳೆ ಬೇಗ ಸವೆಯುತ್ತದೆ, ಪಿಂಗಾಣಿಯಂತಹ ಸೆರಾಮಿಕ್ ಬಹುಕಾಲ ಬಾಳುತ್ತದೆ. ಹೊಸ ಮೂತಿ ತಂದ ದಿನವೇ ಒಂದು ನಿಮಿಷಕ್ಕೆ ಎಷ್ಟು ನೀರು ಬರುತ್ತದೆಂದು ಅಳತೆಯ ಪಾತ್ರೆಯಲ್ಲಿ ಹಿಡಿದು ಪಂಪಿನ ಮೇಲೆ ಬರೆದಿಡಿ. ಮುಂದೆ ಅದು ಶೇಕಡ 10ರಷ್ಟು ಹೆಚ್ಚಾದ ದಿನ ಮೂತಿಯನ್ನು ಎಸೆಯಿರಿ. ಕಟ್ಟಿಕೊಂಡ ರಂಧ್ರವನ್ನು ತಂತಿಯಿಂದ, ಗುಂಡುಸೂಜಿಯಿಂದ ಚುಚ್ಚಬಾರದು. ಬಾಯಿಂದ ಊದುವುದಂತೂ ಕೂಡದು. ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು.

ಎಕರೆಗೆ ಎಷ್ಟು ನೀರು ಹೋಗುತ್ತದೆಂದು ತಿಳಿಯಲು ಸುಲಭ ಉಪಾಯವಿದೆ. ಹತ್ತು ಮೀಟರು ಉದ್ದ ಹತ್ತು ಮೀಟರು ಅಗಲದ ಜಾಗ ಗುರುತುಮಾಡಿ. ಅದು ಹೆಚ್ಚುಕಡಿಮೆ ಒಂದು ಗುಂಟೆ. ಪಂಪಿಗೆ ಅಳೆದು ಬರಿಯ ನೀರು ತುಂಬಿ, ಎಂದಿನ ನಡಿಗೆಯಲ್ಲಿ ಆ ಗುಂಟೆಯನ್ನು ಸಿಂಪಡಿಸಿ, ಉಳಿದದ್ದನ್ನು ಮತ್ತೆ ಅಳೆಯಿರಿ. 1.2 ಲೀಟರು ಖರ್ಚಾಗಿದ್ದರೆ ಎಕರೆಗೆ 48 ಲೀಟರು, ಅಂದರೆ 16 ಲೀಟರಿನ ಪಂಪು ಮೂರು ಸಲ. ಔಷಧಿ ಎಕರೆಗೆ 240 ಮಿಲಿಲೀಟರು ಎಂದು ಶಿಫಾರಸಿದ್ದರೆ ಪಂಪಿಗೆ 80 ಮಿಲಿಲೀಟರು ಹಾಕಬೇಕು. ಮೂತಿ ಸವೆದು ಗುಂಟೆಗೆ 1.5 ಲೀಟರು ಹೋಗುತ್ತಿದ್ದರೆ, ಅದೇ 80ರ ಲೆಕ್ಕದಲ್ಲಿ ಎಕರೆಗೆ 300 ಮಿಲಿಲೀಟರು ಬಿದ್ದಿರುತ್ತದೆ. ಪಂಪಿಗೊಂದು ಮುಚ್ಚಳ ಎಂಬ ಅಂಗಡಿಯವರ ಲೆಕ್ಕ ಎಲ್ಲಿ ತಪ್ಪುತ್ತದೆಂಬುದು ಇದರಿಂದ ತಿಳಿದೀತು. ಬೆಳೆ ಎತ್ತರವಾದಂತೆ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ, ಏಕೆಂದರೆ ನಡಿಗೆ ನಿಧಾನವಾಗುತ್ತದೆ.

ಹನಿ ಎಲ್ಲಿ ಬೀಳುತ್ತದೆಂದು ನೋಡಲು ಸಂಶೋಧನಾ ಕೇಂದ್ರಗಳಲ್ಲಿ ನೀರು ತಾಗಿದರೆ ನೀಲಿಯಾಗುವ ಹಳದಿ ಕಾಗದವನ್ನು ಬಳಸುತ್ತಾರೆ. ಮನೆಯಲ್ಲಿ ಬಿಳಿಯ ಗಟ್ಟಿ ಕಾಗದದ ತುಂಡುಗಳೂ ಬಟ್ಟೆಗೆ ಹಾಕುವ ನೀಲಿಯೂ ಸಾಕು. ನೀಲಿ ಕದಡಿದ ನೀರನ್ನು ಪಂಪಿಗೆ ತುಂಬಿ, ಕಾಗದದ ತುಂಡುಗಳನ್ನು ಗಿಡದ ಮೇಲೆಲೆಗೆ, ನಡುವಿನ ಎಲೆಯ ಅಡಿಗೆ, ಬುಡಕ್ಕೆ, ಬದುವಿನಾಚೆ ನೆಟ್ಟ ಕಡ್ಡಿಗಳಿಗೆ ಗುಂಡುಸೂಜಿಯಿಂದ ಸಿಕ್ಕಿಸಿ. ಒಂದನ್ನು ನಿಮ್ಮ ಅಂಗಿಯ ಎದೆಗೂ ಸಿಕ್ಕಿಸಿಕೊಳ್ಳಿ. ಸಿಂಪಡಿಸಿ ಬಂದು ಎಲ್ಲವನ್ನೂ ಸಾಲಾಗಿ ಇಟ್ಟು ಚುಕ್ಕಿಗಳನ್ನು ಎಣಿಸಿ. ಚುಕ್ಕಿಗಳು ಕೂಡಿಕೊಂಡು ಹರಿದಿದ್ದರೆ ನೀರು ಹೆಚ್ಚು, ಎಲೆಯ ಅಡಿಯ ಕಾಗದ ಬಿಳಿಯಾಗೇ ಉಳಿದಿದ್ದರೆ ಮೂತಿಯ ಓರೆ ಸರಿಯಿಲ್ಲ, ಬದುವಿನಾಚೆಯದು ಸಣ್ಣ ಚುಕ್ಕಿಗಳಿಂದ ತುಂಬಿದ್ದರೆ ಗಾಳಿ ಇಲ್ಲವೆ ಒತ್ತಡ ಹೆಚ್ಚು. ಒಂದು ಹಳ್ಳಿಯಲ್ಲಿ ಈ ಪರೀಕ್ಷೆ ಮಾಡಿಸಿದಾಗ ಅಂಗಿಯ ಮೇಲಿನ ಕಾಗದವೇ ಎಲ್ಲಕ್ಕಿಂತ ನೀಲಿಯಾಗಿತ್ತು. ಗಾಳಿಗೆ ಎದುರಾಗಿ ನಡೆದಿದ್ದರು.

ಕಳೆನಾಶಕಕ್ಕೆ ಪಂಪನ್ನೇ ಬೇರೆ ಇಡುವುದು ಉತ್ತಮ. ಸಾಧ್ಯವಿಲ್ಲದಿದ್ದರೆ 2,4-ಡಿ ಹೊಡೆದ ಪಂಪನ್ನು ಸೋಪಿನ ಪುಡಿ ಹಾಕಿದ ನೀರಿನಿಂದ, ಆನಂತರ ಬರಿಯ ನೀರಿನಿಂದ ಎರಡು ಸಲ, ಮೆದುಗೊಳವೆ ಮತ್ತು ಮೂತಿಯ ಮೂಲಕ ಹಾಯಿಸಿ ತೊಳೆದು, ಆ ನೀರನ್ನು ಬಾವಿ ಕೆರೆಗಳಿಂದ ದೂರವಿರುವ ಬೀಳು ನೆಲಕ್ಕೆ ಚೆಲ್ಲಬೇಕು. ಹೀಗೆ ತೊಳೆದ ಪಂಪನ್ನೂ ಟೊಮೇಟೊ, ಹತ್ತಿ, ದ್ರಾಕ್ಷಿ ಬೆಳೆಗಳಿಗೆ ಬಳಸದಿರುವುದೇ ಲೇಸು.